ಚಿಂಕಾರ ಸೀನಿದರೆ ಅಲ್ಲೇ ನಿಲ್ಲಿ

"ಕಾಡು ನೋಡಿದ್ದೀರಾ?" ಎಂದು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಶಾಲೆಗಳಲ್ಲಿ ಕೇಳಿದರೆ ಬಹಳ ಮಕ್ಕಳು ಇಲ್ಲವೆಂದು ತಲೆ ಆಡಿಸುತ್ತಾರೆ. "ನಮ್ಮ ಕಡೆ ಕಾಡ ಎಲ್ಲೈತ್ರಿ ಸರ್? ಹೊಳಿ ಕಡೆ ಕಬ್ಬು, ಗುಡ್ಡದ ಕಡೆ ಬರೇ ಜಾಲಿ ಕಂಟಿ" ಎನ್ನುತ್ತಾರೆ.

ಅವರು ಹೇಳುವುದರಲ್ಲಿ ಅರ್ಧ ನಿಜವಿದೆ. ಕಾಡು ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಪಠ್ಯಪುಸ್ತಕದ ಚಿತ್ರ. ಅದರಲ್ಲಿ ಆಕಾಶ ಮುಟ್ಟುವ ಮರಗಳು, ಜಲಪಾತ, ಆನೆ, ಹುಲಿ ಇರುತ್ತವೆ. ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವಿನ ನಮ್ಮ ಗುಡ್ಡಗಳಲ್ಲಿ ಇವು ಯಾವುವೂ ಇಲ್ಲ. ಇಲ್ಲಿ ಮಳೆ ಕಡಿಮೆ, ನೆಲ ಕಲ್ಲು, ಗಿಡಗಳು ನಿಮ್ಮ ತಲೆಗಿಂತ ಸ್ವಲ್ಪ ಎತ್ತರ. ಆದರೂ ಇದು ಕಾಡೇ. ಇದಕ್ಕೆ ಕುರುಚಲು ಕಾಡು ಎಂದು ಹೆಸರು. ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳಲ್ಲಿ ಹರಡಿರುವ ಸುಮಾರು 96 ಚದರ ಕಿಲೊಮೀಟರ್ ಕುರುಚಲು ಕಾಡನ್ನು ಸರ್ಕಾರವು ಯಡಹಳ್ಳಿ ಚಿಂಕಾರ ವನ್ಯಜೀವಿಧಾಮ ಎಂದು ಘೋಷಿಸಿದೆ. ಕರ್ನಾಟಕದಲ್ಲಿ ಚಿಂಕಾರಕ್ಕಾಗಿಯೇ ಮೀಸಲಾದ ಮೊದಲ ಧಾಮ ಇದು. ಆಮೇಲೆ 2019ರಲ್ಲಿ ತುಮಕೂರು ಜಿಲ್ಲೆಯ ಬುಕ್ಕಾಪಟ್ಟಣದಲ್ಲಿ ಇನ್ನೊಂದು ಆಯಿತು.

ಬನ್ನಿ, ಇಂಥ ಕಾಡಿನಲ್ಲಿ ಒಂದು ಸುತ್ತು ನಡೆದು ಬರೋಣ. ಧಾಮದ ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು, ಜೊತೆಗೆ ಗುರುಗಳೋ ಹಿರಿಯರೋ ಇರಬೇಕು. ಅಲ್ಲಿಗೆ ಹೋಗಲು ಆಗದಿದ್ದರೂ ಚಿಂತೆಯಿಲ್ಲ. ಈಗ ಹೇಳುವುದರಲ್ಲಿ ಅರ್ಧದಷ್ಟನ್ನು ನಿಮ್ಮ ಊರಿನ ಗಾಯರಾಣದಲ್ಲಿ, ಗುಡ್ಡದ ಬದಿಯಲ್ಲಿಯೇ ನೋಡಬಹುದು.

ಅಂಗಿ ಹಿಡಿಯುವ ಗಿಡಗಳು

ಬೆಳಗಿನ ಜಾವ ಹೊರಟಿದ್ದೇವೆ ಎಂದುಕೊಳ್ಳಿ. ಮೊದಲು ನಮ್ಮನ್ನು ತಡೆದು ನಿಲ್ಲಿಸುವುದು ಪ್ರಾಣಿ ಅಲ್ಲ, ಬಾರಿ ಕಂಟಿ. ಅಂಗಿ ಸಿಕ್ಕಿಕೊಂಡಿತಲ್ಲವೇ? ಎಳೆಯಬೇಡಿ. ಮುಳ್ಳನ್ನು ಹತ್ತಿರದಿಂದ ನೋಡಿ. ಎಲೆಯ ಬುಡದಲ್ಲಿ ಎರಡು ಮುಳ್ಳುಗಳಿವೆ. ಸಾಮಾನ್ಯವಾಗಿ ಅವುಗಳಲ್ಲಿ ಒಂದು ನೇರವಾಗಿ ಚುಚ್ಚುತ್ತದೆ, ಇನ್ನೊಂದು ಕೊಕ್ಕೆಯಂತೆ ಹಿಂದಕ್ಕೆ ಬಾಗಿರುತ್ತದೆ. ಮುಂದೆ ಹೋದರೆ ಒಂದು ಚುಚ್ಚುತ್ತದೆ, ಹಿಂದೆ ಸರಿದರೆ ಇನ್ನೊಂದು ಹಿಡಿಯುತ್ತದೆ! ಬಿಡಿಸಿಕೊಳ್ಳಲು ತಾಳ್ಮೆಯೊಂದೇ ಉಪಾಯ.

ಇಲ್ಲಿನ ಗಿಡಗಳಿಗೆ ಇಷ್ಟೊಂದು ಮುಳ್ಳು ಯಾಕೆ? ಮಳೆ ಹೆಚ್ಚು ಬರುವ ಕಡೆ ಒಂದು ಎಲೆಯನ್ನು ಪ್ರಾಣಿ ತಿಂದರೆ ಗಿಡವು ಬೇಗ ಇನ್ನೊಂದನ್ನು ಚಿಗುರಿಸುತ್ತದೆ. ನಮ್ಮ ಕಡೆ ಹಾಗಲ್ಲ. ಒಂದೊಂದು ಎಲೆಯ ಹಿಂದೆಯೂ ಬೇರುಗಳು ಕಲ್ಲಿನ ಸಂದಿಯಿಂದ ಕಷ್ಟಪಟ್ಟು ತಂದ ನೀರಿದೆ. ಅದಕ್ಕೇ ಈ ಕಾವಲು. ಜಾಲಿಯ ಎಲೆ ಎಷ್ಟು ಸಣ್ಣದಾಗಿದೆ ನೋಡಿ. ಎಲೆ ಸಣ್ಣದಾದಷ್ಟೂ ಬಿಸಿಲಿಗೆ ಆವಿಯಾಗಿ ಹೋಗುವ ನೀರು ಕಡಿಮೆ. ಕಳ್ಳಿಯಂತೂ ಬೇಸಿಗೆಯಲ್ಲಿ ಎಲೆಗಳನ್ನೇ ಉದುರಿಸಿ, ಹಸಿರು ಕಾಂಡದಲ್ಲಿಯೇ ಆಹಾರ ತಯಾರಿಸಿಕೊಳ್ಳುತ್ತದೆ.

ಎಕ್ಕೆಯ ಗಿಡ ಬೇರೆ ದಾರಿ ಹಿಡಿದಿದೆ. ಅದಕ್ಕೆ ಮುಳ್ಳಿಲ್ಲ, ಎಲೆಯೂ ದೊಡ್ಡದು. ಆದರೆ ಎಲೆ ಮುರಿದರೆ ಬಿಳಿ ಹಾಲು ಸುರಿಯುತ್ತದೆ. ಅದು ವಿಷ. ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ, ಆದ್ದರಿಂದ ಮುರಿದು ನೋಡಲು ಹೋಗಬೇಡಿ. ಎಲೆಯ ಹಿಂಬದಿಯನ್ನು ಮಾತ್ರ ಬಗ್ಗಿ ನೋಡಿ. ಕಪ್ಪು, ಬಿಳಿ, ಹಳದಿ ಪಟ್ಟೆಗಳಿರುವ ಹುಳು ಒಂದು ಎಲೆಯನ್ನು ನಿಶ್ಚಿಂತೆಯಿಂದ ಮೇಯುತ್ತಿರಬಹುದು. ಅದು ಮುಂದೆ ಕಿತ್ತಳೆ ಬಣ್ಣದ ಚಿಟ್ಟೆಯಾಗುತ್ತದೆ. ಎಕ್ಕೆಯ ವಿಷ ಅದಕ್ಕೆ ಏನೂ ಮಾಡುವುದಿಲ್ಲ. ಬದಲಿಗೆ ಆ ವಿಷವನ್ನು ಅದು ತನ್ನ ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಈ ಚಿಟ್ಟೆಯನ್ನು ಒಮ್ಮೆ ಬಾಯಿಗೆ ಹಾಕಿಕೊಂಡ ಹಕ್ಕಿ ಮತ್ತೆ ಆ ಬಣ್ಣದ ತಂಟೆಗೆ ಬರುವುದಿಲ್ಲ.

ಕವಳಿ ಹಣ್ಣು, ಬಾರಿ ಹಣ್ಣುಗಳನ್ನು ನೀವು ತಿಂದೇ ಇರುತ್ತೀರಿ. ಆದರೆ ಕೆಂಪಗೆ ಹೊಳೆಯುವುದೆಲ್ಲ ತಿನ್ನುವ ವಸ್ತುವಲ್ಲ. ಬೇಲಿಯ ಮೇಲೆ ಹಬ್ಬಿರುವ ಬಳ್ಳಿಯ ಒಣಕಾಯಿ ಬಿರಿದು, ಕೆಂಪು ಮೈ ಕಪ್ಪು ಮೂತಿಯ ಗುಲಗಂಜಿ ಕಾಣಿಸುತ್ತದೆ. ಹಿಂದೆ ಅಕ್ಕಸಾಲಿಗರು ಬಂಗಾರ ತೂಗಲು ಬಳಸುತ್ತಿದ್ದ ಬೀಜ ಇದು. ಇದನ್ನು ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಗುರುತು ಸಿಗದ ಹಣ್ಣು, ಬೀಜಗಳನ್ನು ನಾಲಿಗೆಗೆ ತಾಗಿಸಲೇಬೇಡಿ. "ಹಕ್ಕಿ ತಿಂದಿದೆ, ನಾವೂ ತಿನ್ನಬಹುದು" ಎಂಬ ಮಾತನ್ನೂ ನಂಬಬೇಡಿ. ಹಕ್ಕಿಯ ಹೊಟ್ಟೆಯೇ ಬೇರೆ, ನಮ್ಮ ಹೊಟ್ಟೆಯೇ ಬೇರೆ.

ಧೂಳಿನ ಮೇಲಿನ ಹೆಜ್ಜೆಗಳು

ಈಗ ಬಂಡಿದಾರಿಗೆ ಬಂದೆವು. ಬಿಸಿಲು ಏರುವ ಮೊದಲು ಧೂಳಿನಲ್ಲಿ ರಾತ್ರಿಯ ಸಮಾಚಾರವೆಲ್ಲ ಬರೆದಿರುತ್ತದೆ. ಬಗ್ಗಿ ನೋಡಿ.

ನಾಲ್ಕು ಬೆರಳು, ಒಂದು ಅಂಗಾಲು, ಮುಂದೆ ಉಗುರಿನ ಚುಕ್ಕೆಗಳು. ಇದು ನಾಯಿಯದಿರಬಹುದು, ನರಿಯದಿರಬಹುದು, ತೋಳದ್ದೂ ಇರಬಹುದು. ಉಗುರಿನ ಗುರುತಿಲ್ಲದಿದ್ದರೆ ಅದು ಬೆಕ್ಕಿನ ಜಾತಿ. ನಡೆಯುವಾಗ ಬೆಕ್ಕು ಉಗುರನ್ನು ಒಳಗೆ ಮಡಚಿಕೊಳ್ಳುತ್ತದೆ. ಮುಂಗಾಲಿನ ಹೆಜ್ಜೆ ದೊಡ್ಡದಾಗಿ, ಹಿಂಗಾಲಿನದು ಎದ್ದು ಕಾಣುವಷ್ಟು ಸಣ್ಣದಾಗಿದ್ದರೆ ಅದು ಕತ್ತೆಕಿರುಬದ್ದು ಇರಬಹುದು. ಅದರ ಹಿಕ್ಕೆ ಒಣಗಿದರೆ ಸುಣ್ಣದಂತೆ ಬೆಳ್ಳಗಾಗುತ್ತದೆ. ಸತ್ತ ಪ್ರಾಣಿಗಳ ಎಲುಬನ್ನು ಅದು ಕಡಿದು ತಿನ್ನುತ್ತದಲ್ಲ, ಆ ಎಲುಬಿನ ಸುಣ್ಣದ ಅಂಶವೇ ಆ ಬಿಳಿ ಬಣ್ಣ. ಜನ ಕತ್ತೆಕಿರುಬವನ್ನು ಕಂಡರೆ ಅಸಹ್ಯಪಡುತ್ತಾರೆ. ನನಗಂತೂ ಅದರ ಮೇಲೆ ಗೌರವವಿದೆ. ಕೊಳೆತು ನಾರುವ ಹೆಣವನ್ನು ಸಂಬಳವಿಲ್ಲದೆ ತೆಗೆದುಹಾಕುವವರು ಇನ್ನಾರು?

ಇನ್ನೊಂದು ಗುರುತು: ಎರಡು ಹೋಳಿನ ಗೊರಸು. ಆಡಿನದೇ? ಅಂಚು ಸ್ವಲ್ಪ ಕಿರಿದಾಗಿ, ತುದಿ ಚೂಪಾಗಿದ್ದರೆ ಚಿಂಕಾರದ್ದಿರಬಹುದು. ಬರೀ ಹೆಜ್ಜೆ ನೋಡಿ ತೀರ್ಮಾನ ಮಾಡುವುದು ದೊಡ್ಡವರಿಗೂ ಕಷ್ಟ. ಸುತ್ತ ನೋಡಿ, ಒಂದೇ ಜಾಗದಲ್ಲಿ ಹಳೆಯದು ಹೊಸದು ಸೇರಿ ಹಿಕ್ಕೆಯ ಗುಂಪು ಬಿದ್ದಿದೆಯೇ? ಚಿಂಕಾರಕ್ಕೆ ಹಾಗೆ ಒಂದೇ ಕಡೆ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕುವ ಅಭ್ಯಾಸವಿದೆ. ಆಡುಗಳಾದರೆ ನಡೆಯುತ್ತಲೇ ದಾರಿಯುದ್ದ ಉದುರಿಸಿಕೊಂಡು ಹೋಗುತ್ತವೆ.

ಕೈಯನ್ನು ಕಲ್ಲಿನ ಸಂದಿಗೆ ಹಾಕಬೇಡಿ! ಇಂಥ ಕಲ್ಲುಗಳ ಕೆಳಗೆ ಗರಗಸ ಮಂಡಲ ಹಾವು ಇರುತ್ತದೆ. ಉದ್ದ ಒಂದು ಅಡಿಗಿಂತ ಸ್ವಲ್ಪ ಹೆಚ್ಚು, ಬಣ್ಣ ಮಣ್ಣಿನದೇ. ಹೆದರಿದಾಗ ಮೈಯನ್ನು ಸುರುಳಿ ಮಾಡಿ, ಗರಗಸದಂಥ ಪೊರೆಗಳನ್ನು ಒಂದಕ್ಕೊಂದು ಉಜ್ಜುತ್ತದೆ. ಆಗ ಕಾದ ಎಣ್ಣೆಗೆ ಸಾಸಿವೆ ಹಾಕಿದಂತೆ ಚರಚರ ಸದ್ದು ಬರುತ್ತದೆ. ಅದು "ದೂರ ಇರು" ಎಂಬ ಎಚ್ಚರಿಕೆ. ಕೇಳಿದ ಕೂಡಲೇ ಬಂದ ಹೆಜ್ಜೆಯಲ್ಲೇ ಹಿಂದೆ ಸರಿಯಿರಿ. ಹಾವು ಕಚ್ಚಿದರೆ ಹಗ್ಗದಿಂದ ಬಿಗಿಯಬಾರದು, ಕೊಯ್ಯಬಾರದು, ಬಾಯಿಂದ ಹೀರಬಾರದು. ಕಚ್ಚಿಸಿಕೊಂಡವರನ್ನು ಓಡಿಸದೆ, ಕೈಕಾಲು ಅಲುಗಾಡದಂತೆ ಇಟ್ಟು, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಬೇಕು. ಹಾವಿನ ವಿಷಕ್ಕೆ ಔಷಧಿ ಅಲ್ಲಿದೆ, ಮಂತ್ರದಲ್ಲಿಲ್ಲ.

ಚಿಂಕಾರ ಕಂಡಿತು!

ಅಗೋ, ದಿಬ್ಬದ ಮೇಲೆ! ಕೈ ಎತ್ತಿ ತೋರಿಸಬೇಡಿ, ಕೂಗಬೇಡಿ. ಅದು ನಮ್ಮನ್ನು ಮೊದಲೇ ನೋಡಿದೆ.

ಚಿಂಕಾರದ ಎತ್ತರ ಭುಜದ ಹತ್ತಿರ ಸುಮಾರು 65 ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ನಿಮ್ಮ ಶಾಲೆಯ ಡೆಸ್ಕಿನಷ್ಟು. ತೂಕ ಇಪ್ಪತ್ತು ಕಿಲೊಗ್ರಾಂ ದಾಟಿ ಸ್ವಲ್ಪ. ಕೆಂಪು ಮಣ್ಣಿನ ಬಣ್ಣದ ಮೈ, ಬಿಳಿ ಹೊಟ್ಟೆ, ಯಾವಾಗಲೂ ಅಲ್ಲಾಡುವ ಕಪ್ಪು ಬಾಲ. ಗಂಡಿನ ಕೊಂಬಿನ ಮೇಲೆ ಬಳೆ ತೊಡಿಸಿದಂತೆ ಉಂಗುರಗಳಿವೆ. ಹೆಣ್ಣಿಗೂ ಕೊಂಬು ಉಂಟು, ಆದರೆ ತೆಳ್ಳಗೆ, ಚಿಕ್ಕದಾಗಿ. ನಾವು ಇದನ್ನೂ ಜಿಂಕೆ ಎಂದೇ ಕರೆಯುತ್ತೇವೆ, ಚುಕ್ಕೆ ಇರುವುದನ್ನೂ ಜಿಂಕೆ ಎನ್ನುತ್ತೇವೆ. ಇವೆರಡೂ ಬೇರೆ ಬೇರೆ ಕುಟುಂಬಗಳು. ಚುಕ್ಕೆ ಜಿಂಕೆಯ ಗಂಡಿನ ಕೊಂಬು ಕವಲೊಡೆಯುತ್ತದೆ, ಉದುರಿ ಮತ್ತೆ ಹೊಸದಾಗಿ ಬೆಳೆಯುತ್ತದೆ. ಚಿಂಕಾರದ ಕೊಂಬಿಗೆ ಕವಲಿಲ್ಲ, ಅದು ಉದುರುವುದೂ ಇಲ್ಲ. ರಾಣೆಬೆನ್ನೂರಿನ ಧಾಮದಲ್ಲಿರುವ ಕೃಷ್ಣಮೃಗ ಚಿಂಕಾರದ ಹತ್ತಿರದ ಬಂಧು. ಇನ್ನು ದೂರದ ರಾಜಸ್ಥಾನದ ಮರುಭೂಮಿಯಲ್ಲಿ ಚಿಂಕಾರ ರಾಜ್ಯಪ್ರಾಣಿ.

ಈಗ ಅದು ಮುಂಗಾಲಿನಿಂದ ನೆಲ ಒದ್ದು, ಮೂಗಿನಿಂದ "ಛಿಂಕ್" ಎಂದು ಸೀನಿದಂತೆ ಸದ್ದು ಮಾಡಿತು. ನೆಗಡಿ ಅಲ್ಲ! ಇದು ತನ್ನವರಿಗೆ ಅದು ಕೊಡುವ ಎಚ್ಚರಿಕೆ. ಇಲ್ಲಿಂದ ಒಂದು ಹೆಜ್ಜೆ ಮುಂದಿಟ್ಟರೆ ಅದು ಓಡುತ್ತದೆ. ನಿಂತಲ್ಲೇ ನಿಂತರೆ, ಇಲ್ಲವೆ ಮೆಲ್ಲಗೆ ಕುಳಿತರೆ, ಬಹುಶಃ ಇನ್ನೂ ಸ್ವಲ್ಪ ಹೊತ್ತು ನೋಡಬಹುದು.

ಪ್ರತಿಯೊಂದು ಪ್ರಾಣಿಯ ಸುತ್ತ ಕಣ್ಣಿಗೆ ಕಾಣದ ಒಂದು ವೃತ್ತವಿದೆ ಎಂದು ತಿಳಿಯಿರಿ. ಅದರ ಹೊರಗೆ ನಾವಿದ್ದರೆ ಅದು ಮೇಯುತ್ತಲೇ ಇರುತ್ತದೆ. ಅಂಚಿಗೆ ಬಂದರೆ ತಲೆ ಎತ್ತುತ್ತದೆ. ಒಳಗೆ ಕಾಲಿಟ್ಟರೆ ಓಡುತ್ತದೆ. ಶಾಲೆಯ ಅಂಗಳದಲ್ಲಿ ಇದನ್ನು ಪರೀಕ್ಷಿಸಬಹುದು. ಕಾಳು ಹೆಕ್ಕುತ್ತಿರುವ ಒಂದು ಕಾಗೆಯ ಕಡೆಗೆ ನೇರವಾಗಿ ನಡೆಯಿರಿ. ಅದು ಹಾರಿದಾಗ ನಿಂತು, ಅದು ಇದ್ದ ಜಾಗಕ್ಕೆ ಎಷ್ಟು ಹೆಜ್ಜೆ ಎಂದು ಎಣಿಸಿ. ಇನ್ನೊಂದು ಸಲ ಅದರ ಕಡೆ ನೋಡದೆ, ಓರೆಯಾಗಿ ಹಾದುಹೋಗುವವರಂತೆ ನಡೆಯಿರಿ. ಎರಡೂ ಸಂಖ್ಯೆಗಳನ್ನು ಹೋಲಿಸಿ. ಪಾರಿವಾಳ, ಗೊರವಂಕಗಳಲ್ಲೂ ಮಾಡಿ ನೋಡಿ.

ಓಡಿದರೆ ಓಡಲಿ ಬಿಡಿ, ಅದಕ್ಕೇನು ನಷ್ಟ ಎನ್ನುತ್ತೀರಾ? ನಷ್ಟವಿದೆ. ಚಿಂಕಾರ ದಿನಗಟ್ಟಲೆ ನೀರು ಕುಡಿಯದೆ ಬದುಕಬಲ್ಲದು. ಅದಕ್ಕೆ ಬೇಕಾದ ನೀರಿನ ಬಹುಪಾಲು ಸಿಗುವುದು ತಿನ್ನುವ ಎಲೆ, ಚಿಗುರು, ಹಣ್ಣುಗಳಿಂದ ಮತ್ತು ಅವುಗಳ ಮೇಲೆ ಕೂತ ಇಬ್ಬನಿಯಿಂದ. ಆದ್ದರಿಂದಲೇ ತಂಪು ಹೊತ್ತಿನಲ್ಲಿ ಮೇಯುತ್ತದೆ, ನಡುಹಗಲಿನಲ್ಲಿ ಕಂಟಿಯ ನೆರಳಿನಲ್ಲಿ ಮಲಗುತ್ತದೆ. ಹೀಗೆ ಹನಿಹನಿಯಾಗಿ ಗಳಿಸಿದ್ದನ್ನು ಏಪ್ರಿಲ್ ಬಿಸಿಲಿನಲ್ಲಿ ಒಂದು ಓಟ ಖರ್ಚು ಮಾಡಿಸುತ್ತದೆ. ಓಡುವಾಗ ಉಸಿರಿನೊಂದಿಗೆ ನೀರು ಹೋಗುತ್ತದೆ, ಮೈ ಕಾಯುತ್ತದೆ. ಒಬ್ಬರು ಓಡಿಸಿದರೆ ತಡೆದೀತು. ದಿನವೂ ನಾಲ್ಕು ಜನ ಓಡಿಸಿದರೆ?

ಹುಲ್ಲಿನಲ್ಲಿ ಒಂಟಿ ಮರಿ

ಈಗ ಬಹಳ ಮುಖ್ಯವಾದ ಸಂಗತಿಗೆ ಬರೋಣ. ಹೀಗೆ ಊಹಿಸಿಕೊಳ್ಳಿ. ನೀವು ಆಡು ಮೇಯಿಸುತ್ತ ಗುಡ್ಡಕ್ಕೆ ಹೋಗಿದ್ದೀರಿ. ಒಣಹುಲ್ಲಿನ ನಡುವೆ ಪುಟ್ಟ ಚಿಂಕಾರದ ಮರಿ ಮಲಗಿದೆ. ಕತ್ತು ನೆಲಕ್ಕೆ ಚಾಚಿದೆ, ಕಿವಿ ಮಡಚಿದೆ, ಅಲುಗಾಡುವುದಿಲ್ಲ. ಸುತ್ತ ಎಲ್ಲಿಯೂ ತಾಯಿ ಇಲ್ಲ. "ಪಾಪ, ತಬ್ಬಲಿ" ಅನ್ನಿಸುತ್ತದೆ. ಎತ್ತಿಕೊಂಡು ಮನೆಗೆ ತಂದು ಹಾಲು ಕುಡಿಸಬೇಕು ಅನ್ನಿಸುತ್ತದೆ. ಅನ್ನಿಸುವುದು ಒಳ್ಳೆಯ ಮನಸ್ಸಿನ ಗುರುತು. ಆದರೆ ಎತ್ತಬೇಡಿ!

ಆ ಮರಿ ತಬ್ಬಲಿಯಲ್ಲ. ತಾಯಿಯೇ ಅದನ್ನು ಅಲ್ಲಿ ಅಡಗಿಸಿ ಮೇಯಲು ಹೋಗಿದೆ. ಹುಟ್ಟಿದ ಮೊದಲ ದಿನಗಳಲ್ಲಿ ಮರಿಗೆ ತಾಯಿಯ ವೇಗದಲ್ಲಿ ಓಡಲು ಆಗುವುದಿಲ್ಲ. ತಾಯಿ ಪಕ್ಕದಲ್ಲಿಯೇ ನಿಂತಿದ್ದರೆ ತೋಳ, ನರಿಗಳ ಕಣ್ಣು ತಾಯಿಯ ಮೇಲೆ ಬಿದ್ದು, ಹಿಂದೆಯೇ ಮರಿಯೂ ಸಿಕ್ಕಿಬೀಳುತ್ತದೆ. ಅದಕ್ಕೇ ತಾಯಿ ದೂರ ಇರುತ್ತದೆ. ಮಣ್ಣಿನ ಬಣ್ಣದ ಮರಿ ಅಲುಗಾಡದೆ ಮಲಗಿದರೆ ಕಣ್ಣಿಗೆ ಬೀಳುವುದೇ ಕಷ್ಟ. ಹಾಲು ಕುಡಿಸುವ ಹೊತ್ತಿಗೆ ತಾಯಿ ಬರುತ್ತದೆ. ನೀವು ಅಲ್ಲಿ ನಿಂತಿರುವಾಗಲೂ ಯಾವುದೋ ದಿಬ್ಬದಿಂದ ನಿಮ್ಮನ್ನು ನೋಡುತ್ತಲೇ ಇರಬಹುದು. ನೀವು ಹೋಗುವವರೆಗೆ ಮಾತ್ರ ಬರುವುದಿಲ್ಲ. ಅರ್ಧ ಗಂಟೆ ಸುತ್ತ ಕೂತು ಮುದ್ದು ಮಾಡಿದರೆ ಅರ್ಧ ಗಂಟೆ ಮರಿಗೆ ಹಾಲಿಲ್ಲ.

ಮನೆಗೆ ತಂದರೆ ಏನಾಗುತ್ತದೆ? ಹಿಡಿದ ಗಾಬರಿಗೇ ಕೆಲವು ಮರಿಗಳು ಸಾಯುತ್ತವೆ. ಆಕಳ ಹಾಲು ಒಗ್ಗದೆ ಭೇದಿಯಾಗಿ ಕೆಲವು ಸಾಯುತ್ತವೆ. ಬದುಕಿ ಉಳಿದ ಮರಿ ಮನುಷ್ಯರಿಗೆ, ನಾಯಿಗಳಿಗೆ ಹೆದರುವುದನ್ನು ಕಲಿಯುವುದಿಲ್ಲ. ಹೆದರದ ಚಿಂಕಾರವನ್ನು ಕಾಡಿಗೆ ಬಿಟ್ಟರೆ ಎಷ್ಟು ದಿನ ಉಳಿದೀತು? ಕಾಡುಪ್ರಾಣಿಯನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಚಿಂಕಾರ ಈ ಕಾಯ್ದೆಯ ಒಂದನೆಯ ಪಟ್ಟಿಯಲ್ಲಿದೆ. ಅತ್ಯಂತ ಹೆಚ್ಚಿನ ರಕ್ಷಣೆ ಇರುವ ಪಟ್ಟಿ ಅದು.

ಹಾಗಾದರೆ ಏನು ಮಾಡಬೇಕು? ಮುಟ್ಟದೆ, ಬಂದ ದಾರಿಯಲ್ಲೇ ವಾಪಸು ಬನ್ನಿ. ಆಡುಗಳನ್ನು ಬೇರೆ ಕಡೆ ಹೊಡೆಯಿರಿ. ಗೆಳೆಯರನ್ನು ಕರೆತಂದು ತೋರಿಸಬೇಡಿ (ಇದು ಎಲ್ಲಕ್ಕಿಂತ ಕಷ್ಟದ ಕೆಲಸ, ನನಗೆ ಗೊತ್ತು). ಮರಿಗೆ ಗಾಯವಾಗಿದ್ದರೆ, ಇಲ್ಲವೆ ಪಕ್ಕದಲ್ಲಿ ತಾಯಿ ಸತ್ತು ಬಿದ್ದಿದ್ದರೆ ಮಾತ್ರ ಹಿರಿಯರ ಮೂಲಕ ಅರಣ್ಯ ಇಲಾಖೆಯವರಿಗೆ ತಿಳಿಸಿ.

ಮೊಲದ ಮರಿಗಳಿಗೂ ಇದೇ ಮಾತು. ನಮ್ಮ ಹೊಲಗಳ ಕಾಡುಮೊಲ ಬಿಲ ತೋಡುವುದಿಲ್ಲ. ಕಣ್ಣು ತೆರೆದೇ ಹುಟ್ಟುವ ಮರಿಗಳು ಹುಲ್ಲಿನ ಬುಡದಲ್ಲಿ ಒಂಟಿಯಾಗಿ ಕಾಯುತ್ತಿರುತ್ತವೆ. ಟಿಟ್ಟಿಭ ಹಕ್ಕಿಯಂತೂ ಬಯಲು ನೆಲದಲ್ಲೇ ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡುತ್ತದೆ. ಸುತ್ತಲಿನ ಹರಳುಗಳಿಗೂ ಮೊಟ್ಟೆಗೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಆ ಹಕ್ಕಿ ತಲೆಯ ಮೇಲೆ ಕಿರುಚುತ್ತ ಸುತ್ತಿದರೆ ಆಕಾಶ ನೋಡಬೇಡಿ, ನಿಮ್ಮ ಕಾಲಬುಡ ನೋಡಿಕೊಳ್ಳಿ.

ಮುಧೋಳದ ನಾಯಿ ಮನೆಯಲ್ಲಿರಲಿ

ಕಾಡಿಗೆ ಹೊರಟಾಗ ಬಾಲ ಅಲ್ಲಾಡಿಸುತ್ತ ಒಬ್ಬರು ಹಿಂದೆ ಬರುತ್ತಾರಲ್ಲ, ಅವರ ಬಗ್ಗೆಯೂ ಒಂದು ಮಾತು. ಮುಧೋಳದ ಬೇಟೆನಾಯಿ ನಮ್ಮ ಕಡೆಯ ಹೆಮ್ಮೆ. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ತಂದಿತು. ಭಾರತೀಯ ಸೇನೆ ಮೀರತ್‌ನ ತನ್ನ ಕೇಂದ್ರದಲ್ಲಿ 2016ರಲ್ಲಿ ಈ ನಾಯಿಗಳಿಗೆ ತರಬೇತಿ ಆರಂಭಿಸಿತು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಈ ತಳಿಗಾಗಿಯೇ ಒಂದು ಸಂಶೋಧನಾ ಕೇಂದ್ರವಿದೆ.

ಬಹಳ ನಾಯಿಗಳು ವಾಸನೆ ಹಿಡಿದು ಬೇಟೆ ಹುಡುಕುತ್ತವೆ. ಮುಧೋಳದ ನಾಯಿ ಕಣ್ಣಿನಿಂದ ಹುಡುಕುತ್ತದೆ. ಉದ್ದ ಕಾಲು, ಒಳಸೇರಿದ ಹೊಟ್ಟೆ, ಆಳವಾದ ಎದೆ, ಕಿರಿದಾದ ತಲೆಯ ಎರಡು ಬದಿಗೆ ಕಣ್ಣು, ಎಲ್ಲವೂ ದೂರದಲ್ಲಿ ಓಡುವುದನ್ನು ಕಂಡು ಬೆನ್ನಟ್ಟಲು ಹೊಂದಿಕೊಂಡಿವೆ. ಬಯಲಿನಲ್ಲಿ ದೂರದಲ್ಲಿ ಓಡುವುದು ಯಾವುದು? ಮೊಲ, ಚಿಂಕಾರ! ನಾಯಿಯದು ತಪ್ಪಲ್ಲ, ಅದನ್ನು ತಲೆತಲಾಂತರದಿಂದ ಅದಕ್ಕೆಂದೇ ಬೆಳೆಸಲಾಗಿದೆ. ಆದ್ದರಿಂದ ನಡಿಗೆಗೆ ಹೋಗುವ ದಿನ ಅದನ್ನು ಮನೆಯಲ್ಲಿ ಕಟ್ಟಿ ಬನ್ನಿ. ಬೀದಿನಾಯಿಗಳ ಗುಂಪಂತೂ ಚಿಂಕಾರಕ್ಕೆ ತೋಳಕ್ಕಿಂತ ದೊಡ್ಡ ಅಪಾಯ. ಊರಿನ ಕಸ, ಹೆಣಗಳನ್ನು ಕಾಡಿನ ಅಂಚಿಗೆ ತಂದು ಸುರಿದರೆ ಆ ಗುಂಪಿಗೆ ನಾವೇ ದಾರಿ ತೋರಿಸಿದಂತೆ.

ತೋಳ ಎದುರಾದರೆ? ಸಾಮಾನ್ಯವಾಗಿ ಅದೇ ನಿಮ್ಮನ್ನು ಕಂಡು ಸರಿದುಹೋಗುತ್ತದೆ. ಬೆನ್ನು ತಿರುಗಿಸಿ ಓಡಬೇಡಿ. ಎಲ್ಲರೂ ಒಟ್ಟಾಗಿ ನಿಂತು, ಅದನ್ನು ನೋಡುತ್ತ ಮೆಲ್ಲಗೆ ಹಿಂದೆ ಸರಿಯಿರಿ. ಹೆದರಿಕೆಯೇ ಇಲ್ಲದೆ ಹತ್ತಿರ ಬರುವ, ತೂರಾಡುವ ನರಿ ಅಥವಾ ನಾಯಿ ಕಂಡರೆ ಮಾತ್ರ ಬಹಳ ಎಚ್ಚರ, ಅದಕ್ಕೆ ರೇಬಿಸ್ ರೋಗ ಇರಬಹುದು. ಅಂಥದ್ದು ಕಚ್ಚಿದರೆ, ಪರಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು.

ಮಾಡಿ ನೋಡಿ

ಶಾಲೆಯ ಹಿಂದೆ, ಜನ ಓಡಾಡದ ಕಡೆ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಜಾಗ ಆರಿಸಿ. ಕಲ್ಲು, ಕಸ ತೆಗೆದು, ಜರಡಿ ಹಿಡಿದ ನುಣ್ಣನೆಯ ಮಣ್ಣನ್ನು ಬೆರಳಿನ ದಪ್ಪ ಹರಡಿ. ಹಲಗೆಯಿಂದ ಸವರಿ ಮಟ್ಟ ಮಾಡಿ. ಇದನ್ನು ಸಂಜೆ ಶಾಲೆ ಬಿಟ್ಟ ಮೇಲೆ ಮಾಡಬೇಕು. ಮರುದಿನ ಬೆಳಿಗ್ಗೆ ಪ್ರಾರ್ಥನೆಯ ಗಂಟೆ ಹೊಡೆಯುವ ಮೊದಲೇ ಹೋಗಿ ನೋಡಿ. ಸ್ಕೇಲನ್ನು ಪಕ್ಕದಲ್ಲಿಟ್ಟು ಪ್ರತಿ ಗುರುತಿನ ಉದ್ದ, ಅಗಲ ಅಳೆದು ಚಿತ್ರ ಬರೆದುಕೊಳ್ಳಿ. ಉಗುರು ಇದೆಯೇ, ಎಷ್ಟು ಬೆರಳು, ಎಲ್ಲಿಂದ ಬಂದು ಎತ್ತ ಹೋಗಿದೆ ಎಂದು ಬರೆಯಿರಿ. ಮೊದಲ ದಿನ ಬಹುಶಃ ಬರೀ ನಾಯಿ, ಕಾಗೆ ಮತ್ತು ಇರುವೆಗಳ ಗುರುತು ಸಿಗುತ್ತದೆ. ಒಂದು ವಾರ ಬಿಡದೆ ಮಾಡಿ. ಮುಂಗುಸಿ ಬಂದುಹೋಗಿದ್ದರೆ ಐದು ಬೆರಳಿನ ಸಣ್ಣ ಹೆಜ್ಜೆಗಳು ಸಾಲಾಗಿ ಕಾಣುತ್ತವೆ.